ದಾಖಲೆ ಕೊಠಡಿಗೆ ಏಣಿ ಒದಗಿದ ಬಗೆ

ನಮ್ಮ ಕ್ರಿಮಿನಲ್ ನ್ಯಾಯಾಲಯದ ದಾಖಲೆ ಕೊಠಡಿಯ ಕಪಾಟುಗಳು ಹನ್ನೆರಡು ಅಡಿ ಎತ್ತರ ಇವೆ. ಆ ಕೊಠಡಿಯನ್ನು ನೋಡಿಕೊಳ್ಳುವ ಗಿಡ್ಡಣ್ಣನವರು ಐದು ಅಡಿ ಒಂದು ಅಂಗುಲ ಇದ್ದಾರೆ. ಎರಡೂ ಅಳತೆಗಳು ಸಕ್ಷಮ ಪ್ರಾಧಿಕಾರದಿಂದ ಮಂಜೂರಾದವು. ಆದ್ದರಿಂದ ಯಾವುದನ್ನೂ ಬದಲಾಯಿಸಲು ಬರುವುದಿಲ್ಲ.

ನಾನು ಈ ನ್ಯಾಯಾಲಯದ ಬೆಂಚ್ ಕ್ಲರ್ಕು. ಸಾಹೇಬರ, ಅಂದರೆ ನ್ಯಾಯಾಧೀಶರ, ಪೀಠದ ಕೆಳಗೆ ಕೂತು ಇಪ್ಪತ್ತಾರು ವರ್ಷಗಳಿಂದ ಮುಂದಿನ ದಿನಾಂಕ ಬರೆಯುತ್ತಿದ್ದೇನೆ. ಕೋರ್ಟಿನಲ್ಲಿ ಏನೂ ಬೇಗ ಆಗುವುದಿಲ್ಲ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರ ತಿಳಿವಳಿಕೆಗಾಗಿ, ಏಳು ವರ್ಷ ಸಿಗದ ಒಂದು ಏಣಿಯನ್ನು ನಮ್ಮ ಸಿಬ್ಬಂದಿ ಹತ್ತೇ ತಿಂಗಳಲ್ಲಿ, ಕಾನೂನಿನ ಒಂದು ಅಕ್ಷರವನ್ನೂ ಮೀರದೆ, ಹೇಗೆ ಪಡೆದುಕೊಂಡಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತಿದ್ದೇನೆ.

ಹಳೆಯ ಏಣಿಯನ್ನು ಗೆದ್ದಲು ತಿಂದಾಗ ನಾವು ಹೊಸದಕ್ಕೆ ಬೇಡಿಕೆ ಸಲ್ಲಿಸಿದೆವು. ಮೊದಲ ವರ್ಷ ಮೇಲಿನ ಕಚೇರಿಯಿಂದ ‘ಏಣಿಯ ಅಗತ್ಯವೇನು?’ ಎಂಬ ಪ್ರಶ್ನೆ ಬಂತು. ‘ಹತ್ತಲು’ ಎಂದು ಉತ್ತರಿಸಿದೆವು. ಎರಡನೇ ವರ್ಷ, ‘ಹತ್ತಿದವರು ಇಳಿಯಲೂ ಅದೇ ಏಣಿಯನ್ನು ಬಳಸುವರೇ ಅಥವಾ ಅದಕ್ಕೆ ಪ್ರತ್ಯೇಕ ಪ್ರಸ್ತಾವನೆ ಬರಲಿದೆಯೇ?’ ಎಂದು ಕೇಳಿದರು. ಮೂರನೇ ವರ್ಷ, ಕಪಾಟಿನ ಮೇಲಿರುವ ಫೈಲುಗಳ ಪಟ್ಟಿಯನ್ನು ಲಗತ್ತಿಸಿ ಕಳಿಸುವಂತೆ ಸೂಚಿಸಿದರು. ಪಟ್ಟಿ ಮಾಡಬೇಕಾದರೆ ಮೇಲೆ ಹತ್ತಬೇಕಾಗಿತ್ತು. ಪತ್ರವ್ಯವಹಾರ ಅಲ್ಲಿಗೆ ನಿಂತಿತು.

ಈ ಅವಧಿಯಲ್ಲಿ ಗಿಡ್ಡಣ್ಣನವರು, ಇತ್ಯರ್ಥವಾದ ಕೇಸುಗಳ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮೇಲೆ ನಿಂತು, ಇತ್ಯರ್ಥವಾಗದ ಕೇಸುಗಳನ್ನು ತೆಗೆಯುತ್ತಿದ್ದರು. ಎರಡು ಸಲ ಬಿದ್ದರು. ಒಮ್ಮೆ ಒಂದು ಕೊಲೆ ಕೇಸು ಜಾರಿತು, ಇನ್ನೊಮ್ಮೆ ಒಂದು ದೊಂಬಿ ಕೇಸು. ಆ ಮೇಲೆ ಅವರ ಕೈಗೆ ನಿಲುಕುವ ಕೇಸುಗಳು ಮಾತ್ರ ವಿಚಾರಣೆಗೆ ಬರತೊಡಗಿದವು. ಆರನೇ ಸಾಲಿನ ಮೇಲಿದ್ದವರಿಗೆ ನಾನು ನೇರವಾಗಿ ಮುಂದಿನ ದಿನಾಂಕ ಬರೆದುಬಿಡುತ್ತಿದ್ದೆ.

ಹೀಗಿರುವಾಗ ಒಂದು ದಿನ ಪೊಲೀಸರು ಒಬ್ಬ ಪೇಂಟರನ್ನೂ ಅವನ ಏಣಿಯನ್ನೂ ಒಟ್ಟಿಗೆ ತಂದು ಹಾಜರುಪಡಿಸಿದರು.

ಆಪಾದನೆ ಸರಳವಾಗಿತ್ತು. ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಮನೆಯ ಮಹಡಿ ಕಿಟಕಿಗೆ ಪೇಂಟರು ಬಣ್ಣ ಹೊಡೆಯುತ್ತಿದ್ದ. ಅದೇ ದಿನ ಮೇಷ್ಟ್ರ ಕೈಗಡಿಯಾರ ಕಾಣೆಯಾಯಿತು. ಕಿಟಕಿಯ ಹೊರಗೆ ಏಣಿ ಇತ್ತು, ಏಣಿಯ ಮೇಲೆ ಪೇಂಟರು ಇದ್ದ. ಗಡಿಯಾರ ಅವನ ಬಳಿ ಸಿಗಲಿಲ್ಲ, ಮನೆಯಲ್ಲೂ ಸಿಗಲಿಲ್ಲ. ಬರಿಗೈಲಿ ವಾಪಸ್ಸು ಹೋಗುವುದು ಇಲಾಖೆಗೆ ಶೋಭೆಯಲ್ಲವಾದ್ದರಿಂದ ಪೊಲೀಸರು ಏಣಿಯನ್ನು ಜಪ್ತಿ ಮಾಡಿದರು. ಅಪರಾಧಕ್ಕೆ ಸಂಬಂಧಿಸಿ ಜಪ್ತಿಯಾದ ವಸ್ತುವಿಗೆ ನಮ್ಮಲ್ಲಿ ಮುದ್ದೆಮಾಲು ಎನ್ನುತ್ತಾರೆ. ಏಣಿ ಮುದ್ದೆಮಾಲು ನಂಬರ್ ಒಂದಾಯಿತು. ಪೇಂಟರಿಗೆ ಜಾಮೀನು ಕೊಡಲು ಸ್ವಂತ ಮನೆಯಿರುವ ಒಬ್ಬರು ಬೇಕಾಗಿತ್ತು. ಅವನಿಗೆ ಊರಿನ ಅರ್ಧ ಮನೆಗಳ ಒಳಕೋಣೆಗಳ ಬಣ್ಣ ಗೊತ್ತಿತ್ತು, ಆದರೆ ಒಬ್ಬ ಮಾಲೀಕನೂ ಬರಲಿಲ್ಲ. ಅವನು ಜೈಲಿಗೆ ಹೋದ, ಏಣಿ ನಮ್ಮಲ್ಲಿ ಉಳಿಯಿತು.

ಬಿದಿರಿನದಲ್ಲ, ಅಲ್ಯೂಮಿನಿಯಂ. ಹದಿಮೂರು ಮೆಟ್ಟಿಲು. ಕಾಲಿಗೆ ರಬ್ಬರ್ ಬೂಟು. ಅಂಥ ಏಣಿಯನ್ನು ನಾನು ಸೇವೆಗೆ ಸೇರಿದಾಗಿನಿಂದ ಕಂಡಿರಲಿಲ್ಲ. ಗಿಡ್ಡಣ್ಣನವರು ಅದರ ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು.

“ಸಾರ್, ಇದನ್ನ ಮುದ್ದೆಮಾಲು ಕೋಣೇಲಿ ಇಡೋಕೆ ಜಾಗ ಸಾಲಲ್ಲ,” ಎಂದರು ಕೊನೆಗೆ. “ನನ್ನ ಕೋಣೇಲಿ ನಿಲ್ಲಿಸ್ಕೊಳ್ಲಾ? ಸುಮ್ನೆ ಗೋಡೆಗೆ ಒರಗಿಸಿಡ್ತೀನಿ.”

“ಕಪಾಟಿಗೆ ಒರಗಿಸಿದರೂ ನಡೆಯುತ್ತೆ,” ಎಂದೆ.

ಸಾಕ್ಷ್ಯವಸ್ತುವನ್ನು ಬಳಸುವುದು ಕಾನೂನಿಗೆ ವಿರುದ್ಧ. ಆದರೆ ಅದನ್ನು ಆಗಾಗ ಪರಿಶೀಲಿಸುವುದು ನಮ್ಮ ಕರ್ತವ್ಯ. ಆದ್ದರಿಂದ ಗಿಡ್ಡಣ್ಣನವರು ದಿನಕ್ಕೆ ಸುಮಾರು ನಲವತ್ತು ಸಲ ಏಣಿಯನ್ನು ಪರಿಶೀಲಿಸತೊಡಗಿದರು. ಪರಿಶೀಲನೆ ತಳದ ಮೆಟ್ಟಿಲಿನಿಂದ ಆರಂಭವಾಗಿ ಮೇಲಿನ ಮೆಟ್ಟಿಲಿನಲ್ಲಿ ಮುಗಿಯುತ್ತಿತ್ತು. ಮೇಲೆ ಹೋದವರು ಬರಿಗೈಲಿ ಇಳಿಯಬಾರದೆಂದು ಒಂದೆರಡು ಫೈಲು ತರುತ್ತಿದ್ದರು. ಈ ಕುರಿತು ಒಂದು ಸುತ್ತೋಲೆಯನ್ನೂ ಹೊರಡಿಸಿದೆವು:

‘ಮುದ್ದೆಮಾಲು ನಂಬರ್ ಒಂದನ್ನು ಪರಿಶೀಲಿಸುವ ಸಿಬ್ಬಂದಿಯು ಆರೋಪಿಯ ಬೆರಳ ಗುರುತು ಅಳಿಸದಂತೆ ಎರಡೂ ಕೈಗಳನ್ನು ಬಿಟ್ಟು ಹತ್ತತಕ್ಕದ್ದು. ಬಿದ್ದಲ್ಲಿ, ಬಿದ್ದ ಸಮಯವನ್ನು ವಹಿಯಲ್ಲಿ ನಮೂದಿಸತಕ್ಕದ್ದು.’

ಪರಿಣಾಮ ಎಲ್ಲರೂ ನೋಡುವಂತಿತ್ತು. ಹನ್ನೊಂದು, ಹನ್ನೆರಡು ವರ್ಷಗಳಿಂದ ಮೇಲಿನ ಸಾಲಿನಲ್ಲಿ ಮಲಗಿದ್ದ ಕೇಸುಗಳು ದೂಳು ಕೊಡವಿಕೊಂಡು ಕೆಳಗೆ ಬಂದವು. ಒಬ್ಬ ಆರೋಪಿ ಸತ್ತುಹೋಗಿದ್ದ, ಅವನನ್ನು ಬಿಡುಗಡೆ ಮಾಡಿದೆವು. ಮೂರೇ ತಿಂಗಳಲ್ಲಿ ನೂರ ಎಂಬತ್ತು ಪ್ರಕರಣಗಳು ಇತ್ಯರ್ಥವಾದವು. ಮೇಲಿನ ನ್ಯಾಯಾಲಯದಿಂದ ಪ್ರಶಂಸಾಪತ್ರ ಬಂತು. ಸಾಹೇಬರು ಅದಕ್ಕೆ ಕಟ್ಟು ಹಾಕಿಸಿ ತಮ್ಮ ಕೊಠಡಿಯಲ್ಲಿ ನೇತುಹಾಕಿಸಿದರು. ಮೊಳೆ ಹೊಡೆಯಲು ಗಿಡ್ಡಣ್ಣನವರು ಏಣಿಯನ್ನು ಅಲ್ಲಿಗೂ ಒಯ್ದು ಪರಿಶೀಲಿಸಿದರು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಕೆಲಸಕ್ಕೆ ಕಲ್ಲು ಹಾಕಿದವರು ದೂರುದಾರರಾದ ಮೇಷ್ಟ್ರೇ. ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು, ಅಂಗಿಯ ತೋಳು ಮಡಚಿ, ಕೈ ಮುಂದೆ ಚಾಚಿದರು. ಮಣಿಕಟ್ಟಿನಲ್ಲಿ ಗಡಿಯಾರ ಇತ್ತು.

“ಸಿಕ್ಬಿಡ್ತು ಸಾರ್,” ಎಂದರು. ಮುಖ ಸಣ್ಣದಾಗಿತ್ತು. “ಪೇಂಟರು ಬರ್ತಾನೆ, ಯಾಕೆ ಬೇಕು ಅಂತ ನಾನೇ ಕಾಲುಚೀಲದೊಳಗೆ ಸುತ್ತಿ ಟ್ರಂಕಲ್ಲಿ ಬಚ್ಚಿಟ್ಟಿದ್ದೆ. ಬಚ್ಚಿಟ್ಟಿದ್ದೇ ಮರೆತುಹೋಗಿತ್ತು. ಪಾಪ, ಆ ಹುಡ್ಗನ್ನ ಬಿಟ್ಬಿಡಿ.”

“ಹಾಗೆಲ್ಲ ಬಿಡೋಕಾಗಲ್ಲ ಮೇಷ್ಟ್ರೇ. ನೀವು ಕೊಟ್ಟಿರೋದು ಕಳವಿನ ದೂರು. ಸಿಕ್ಕಿದ ದೂರು ಅಂತ ನಮ್ಮಲ್ಲಿ ಒಂದಿಲ್ಲ.”

“ಕಳವೇ ಆಗಿಲ್ವಲ್ಲ!”

“ಆಗಿದೆಯೋ ಇಲ್ವೋ ಅನ್ನೋದನ್ನ ಕೋರ್ಟು ತೀರ್ಮಾನಿಸಬೇಕು. ನೀವೇ ತೀರ್ಮಾನಿಸಿದರೆ ಇಷ್ಟು ದೊಡ್ಡ ಕಟ್ಟಡ ಯಾಕೆ?”

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಗಣಿತ ಕಲಿಸಿದವರಿಗೆ ಕಾನೂನು ಅರ್ಥವಾಗುವುದು ಸ್ವಲ್ಪ ಕಷ್ಟ. ಅವರಿಗೆ ನಾನು ನೀರು ಕೊಟ್ಟು ಕಳಿಸಿದೆ.

ಪೇಂಟರಿಗೆ ಸರ್ಕಾರದಿಂದ ಒಬ್ಬ ವಕೀಲೆಯನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. ಹೊಸಬಳು, ಉತ್ಸಾಹ ಜಾಸ್ತಿ. ಗಡಿಯಾರ ಸಿಕ್ಕಿರುವುದರಿಂದ ತನ್ನ ಕಕ್ಷಿದಾರ ನಿರ್ದೋಷಿ ಎಂದು ಘೋಷಿಸಬೇಕೆಂದು ಆಕೆ ಅರ್ಜಿ ಹಾಕಿದಳು. ಸಾಹೇಬರು ನ್ಯಾಯನಿಷ್ಠರು. ಅರ್ಜಿ ಓದಿದ ಕೂಡಲೇ, “ಇದರಲ್ಲೇನಿದೆ? ಸಾಕ್ಷಿಗಳನ್ನು ಕರೆಸಿ, ಏಣಿಯನ್ನು ಗುರುತಿಸಲಿ, ಮುಗಿಸೋಣ,” ಎಂದರು.

ಮುಗಿಸುವುದು ಅಷ್ಟು ಸುಲಭವಾಗಿರಲಿಲ್ಲ. ಜಪ್ತಿ ಮಾಡಿದ ಪೊಲೀಸ್ ಪೇದೆಯು ಏಣಿಯನ್ನು ತೆರೆದ ನ್ಯಾಯಾಲಯದಲ್ಲಿ ನೋಡಿ, ಅದು ಅದೇ ಏಣಿ ಎಂದು ಹೇಳಬೇಕು. ಏಣಿ ನ್ಯಾಯಾಲಯಕ್ಕೆ ಬರಬೇಕಾದರೆ ದಾಖಲೆ ಕೊಠಡಿಯಿಂದ ಹೊರಡಬೇಕು. ಅದು ಹೊರಟರೆ ಆ ದಿನದ ಫೈಲುಗಳು ಕೆಳಗೆ ಬರುವುದಿಲ್ಲ. ಪೇಂಟರ ಫೈಲು ಇದ್ದದ್ದು ಮೇಲಿನಿಂದ ಎರಡನೇ ಸಾಲಿನಲ್ಲಿ. ಏಣಿ ಬಂದ ದಿನ ಫೈಲು ಬರಲಿಲ್ಲ, ಫೈಲು ಬಂದ ದಿನ ಏಣಿ ಬರಲಿಲ್ಲ. ಎರಡೂ ಒಟ್ಟಿಗೆ ಬಂದ ಒಂದೇ ಒಂದು ದಿನ ಪೇದೆ ಬರಲಿಲ್ಲ. ನಾನು ಆರು ಸಲ ಮುಂದಿನ ದಿನಾಂಕ ಬರೆದೆ.

ಫೈಲನ್ನು ಕೆಳಗಿನ ಸಾಲಿನಲ್ಲಿ ಇಡಬಾರದಿತ್ತೇ ಎಂದು ವಕೀಲೆ ಕೇಳಿದಳು. ಫೈಲುಗಳು ನಂಬರಿನ ಪ್ರಕಾರ ಇರುತ್ತವೆ, ಅನುಕೂಲದ ಪ್ರಕಾರ ಅಲ್ಲ ಎಂದು ಗಿಡ್ಡಣ್ಣನವರು ಸರಿಯಾಗಿಯೇ ಉತ್ತರ ಕೊಟ್ಟರು. ಆದರೆ ಅವತ್ತು ಸಂಜೆ ಅವರು ನನ್ನ ಬಳಿ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕಣ್ಣು ತುಂಬಿಕೊಂಡಿತ್ತು.

“ಸಾರ್, ಅವನು ನಿರ್ದೋಷಿ ಅಂತಾದರೆ ಏಣಿ ಗತಿ?”

“ವಾರಸುದಾರನಿಗೆ ವಾಪಸ್ಸು.”

“ಮತ್ತೆ ನಾನು ಕೊಲೆ ಕೇಸಿನ ಮೇಲೆ ನಿಲ್ಬೇಕಾ? ನನಗೆ ಐವತ್ತೇಳು ವರ್ಷ ಸಾರ್. ಸೊಂಟ ಬಿದ್ದುಹೋಗಿದೆ.”

ನನಗೆ ಆ ರಾತ್ರಿ ಊಟ ಸೇರಲಿಲ್ಲ. ಗಿಡ್ಡಣ್ಣನವರ ಸೊಂಟವೊಂದೇ ಅಲ್ಲ, ಮೇಲಿನ ಆರು ಸಾಲುಗಳ ಆರೋಪಿಗಳೆಲ್ಲ ನನ್ನ ಕಣ್ಣ ಮುಂದೆ ಬಂದರು. ಒಬ್ಬ ಪೇಂಟರ ಸಲುವಾಗಿ ಅಷ್ಟು ಜನರಿಗೆ ನ್ಯಾಯ ತಪ್ಪಿಸುವುದು ಯಾವ ಧರ್ಮ? ಕಾನೂನಿನ ಪುಸ್ತಕವನ್ನು ಮೊದಲ ಪುಟದಿಂದ ಜಾಲಾಡಿದೆ. ಕಡೆಗೆ ಒಂದು ನಿಯಮ ಸಿಕ್ಕಿತು. ಅಪರಾಧಕ್ಕೆ ಬಳಸಿದ ಸಾಧನವನ್ನು, ಅಪರಾಧ ಸಾಬೀತಾದ ಪಕ್ಷದಲ್ಲಿ, ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಆಗ ಅದು ಯಾವ ಇಲಾಖೆಗೆ ಬೇಕಾದರೂ ಹಂಚಿಕೆಯಾಗಬಹುದು. ಅಂದರೆ ಬೇಕಾಗಿದ್ದದ್ದು ಇಷ್ಟೇ: ಪೇಂಟರು ಕಳ್ಳನಾಗಬೇಕು.

ಇದರಲ್ಲಿ ಅವನಿಗೆ ಅನ್ಯಾಯವಾಗಬಾರದೆಂದು ನಾನು ವಿಶೇಷ ಎಚ್ಚರ ವಹಿಸಿದೆ. ಅಷ್ಟು ಹೊತ್ತಿಗೆ ಅವನು ಜೈಲಿನಲ್ಲಿ ಒಂಬತ್ತು ತಿಂಗಳು ಕಳೆದಿದ್ದ. ಇಂಥ ಕಳವಿಗೆ ಸಾಮಾನ್ಯವಾಗಿ ಕೊಡುವ ಶಿಕ್ಷೆ ಆರು ತಿಂಗಳು. ಅವನು ತಪ್ಪು ಒಪ್ಪಿಕೊಂಡರೆ ಅದೇ ಸಂಜೆ ಮನೆಗೆ ಹೋಗಬಹುದು. ತಪ್ಪು ಮಾಡಿಲ್ಲ ಎಂದು ಹಟ ಹಿಡಿದರೆ ಹನ್ನೊಂದು ಸಾಕ್ಷಿಗಳು, ಏಣಿ, ಫೈಲು, ಪೇದೆ, ನಡುವೆ ಕೋರ್ಟಿನ ರಜೆ. ಎರಡು ವರ್ಷ ಎಂದರೂ ಕಡಿಮೆಯೇ. ತಪ್ಪಿತಸ್ಥರಿಗೆ ತಕ್ಷಣ ಬಿಡುಗಡೆಯ ಸೌಲಭ್ಯ ಕೊಟ್ಟಿರುವ ವ್ಯವಸ್ಥೆ ನಮ್ಮದು. ನಿರ್ದೋಷಿಗಳಿಗೂ ಅದನ್ನು ವಿಸ್ತರಿಸುವ ಬಗ್ಗೆ ಇನ್ನೂ ಆದೇಶ ಬಂದಿಲ್ಲ.

ವಕೀಲೆ ಮೊದಲು ಕೆಂಡವಾದಳು. ಆಮೇಲೆ ಲೆಕ್ಕ ಹಾಕಿದಳು. ಆಮೇಲೆ, ಜೈಲಿನಿಂದ ತಂದ ಆರೋಪಿಗಳನ್ನು ಕೂರಿಸುವ ಹಿಂಬದಿಯ ಕೋಣೆಗೆ ನನ್ನ ಜೊತೆ ಬಂದಳು. ಪೇಂಟರು ಬೆಂಚಿನ ಮೇಲೆ ಕೂತಿದ್ದ. ಉಗುರುಗಳ ಸಂದಿಯಲ್ಲಿ ಇನ್ನೂ ಒಂಚೂರು ಹಸಿರು ಬಣ್ಣ ಇತ್ತು. ಅವನ ಹೆಂಡತಿ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದಳು.

“ಆಗಲ್ಲ ಸಾರ್,” ಎಂದ ಅವನು, ನಾನು ಎಲ್ಲ ವಿವರಿಸಿದ ಮೇಲೆ. “ನನ್ನ ಕೆಲಸ ನೋಡಿ ಎಂಥದು. ಜನರ ಮಲಗೋ ಕೋಣೆ, ದುಡ್ಡಿಡೋ ಬೀರು, ಎಲ್ಲದರ ಪಕ್ಕ ನಿಂತು ಬಣ್ಣ ಹೊಡೀಬೇಕು. ಕಳ್ಳ ಅಂತ ಆದರೆ ಯಾರು ಒಳಗೆ ಬಿಡ್ತಾರೆ? ನಾನು ಕದ್ದಿಲ್ಲ ಅಂತ ಒಂದು ಮಾತು ಬರೆದುಕೊಡಿ, ಸಾಕು. ಇನ್ನೂ ಎರಡು ತಿಂಗಳು ಬೇಕಾದರೂ ಕಾಯ್ತೀನಿ.”

“ಎರಡು ವರ್ಷ,” ಎಂದಳು ವಕೀಲೆ, ನೆಲ ನೋಡುತ್ತ.

ಅವನು ಹೆಂಡತಿಯ ಕಡೆ ನೋಡಿದ. ಒಂಬತ್ತು ತಿಂಗಳಿಂದ ಪ್ರತಿ ದಿನಾಂಕಕ್ಕೂ ಬಂದು, ಒಪ್ಕೋಬೇಡ, ಒಪ್ಕೋಬೇಡ ಎಂದು ಧೈರ್ಯ ಹೇಳಿ ಹೋಗುತ್ತಿದ್ದವಳು ಅವಳೇ. ಇವತ್ತು ಅವಳು ಬೇರೆಯದನ್ನೇ ಹೇಳಿದಳು.

“ಅತ್ತೆ ಎರಡು ದಿನದಿಂದ ಗಂಜಿ ಬಿಟ್ಟಿದ್ದಾರೆ. ಡಾಕ್ಟ್ರು ಬಂದು ನೋಡಿ ಏನೂ ಹೇಳ್ದೆ ಹೋದ್ರು.”

“ಅಮ್ಮಂಗೆ ನಾನೆಲ್ಲಿದೀನಿ ಅಂತ ಹೇಳಿದೀಯ?”

“ಅದೇ ಮೊದಲಿಂದ ಹೇಳ್ತಿರೋದು. ದೂರದ ಊರಲ್ಲಿ ದೊಡ್ಡ ಬಿಲ್ಡಿಂಗಿಗೆ ಬಣ್ಣ ಹೊಡೀತಿದ್ದಾನೆ ಅಂತ. ಒಂಬತ್ತು ತಿಂಗಳಾದ್ರೂ ಮುಗಿಯಲ್ವಾ, ಅದೆಂಥಾ ಬಿಲ್ಡಿಂಗು ಅಂತಾರೆ. ನಿನ್ನೆ ನನ್ನ ಕೈ ಹಿಡ್ಕೊಂಡು, ಒಂದೇ ಕೋಟ್ ಹೊಡ್ದು ಬಂದ್ಬಿಡು ಅನ್ನು, ಯಾರು ನೋಡ್ತಾರೆ ಅಂದ್ರು.”

ಪೇಂಟರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನಗೂ ಒಂದು ಗಳಿಗೆ ಅಲ್ಲೇ ನಿಲ್ಲಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಹನ್ನೊಂದು ಗಂಟೆಗೆ ಪೀಠ ಕೂರುವುದರಿಂದ ನಾನು ನಿಲ್ಲುವಂತಿರಲಿಲ್ಲ.

ತಪ್ಪೊಪ್ಪಿಗೆಯನ್ನು ಸಾಹೇಬರು ಸುಮ್ಮನೆ ಸ್ವೀಕರಿಸುವವರಲ್ಲ. ಅದು ಸ್ವಇಚ್ಛೆಯಿಂದ ಬಂದಿರಬೇಕು, ವಿವರವಾಗಿರಬೇಕು. ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ನಿನ್ನ ಮೇಲೆ ಯಾರಾದರೂ ಒತ್ತಡ ಹಾಕಿದ್ದಾರಾ?”

“ನಮ್ಮಮ್ಮ ಸ್ವಾಮಿ.”

“ಪೊಲೀಸರು?”

“ಇಲ್ಲ ಸ್ವಾಮಿ.”

“ಒತ್ತಡ ಇಲ್ಲ,” ಎಂದು ಸಾಹೇಬರು ಬರೆಸಿದರು. “ಈಗ ಹೇಳು. ಆ ದಿನ ಏನು ಮಾಡಿದೆ?”

“ಏಣಿ ಹತ್ತಿದೆ ಸ್ವಾಮಿ.”

“ಆಮೇಲೆ?”

“ಕಿಟಕಿಗೆ ಬಣ್ಣ ಹೊಡೆದೆ.”

“ಆಮೇಲೆ?”

“ಇಳಿದೆ.”

ಸಾಹೇಬರು ಪೆನ್ನು ಕೆಳಗಿಟ್ಟರು. “ನೋಡಪ್ಪ, ಇಷ್ಟಕ್ಕೆಲ್ಲ ಶಿಕ್ಷೆ ಕೊಡೋಕೆ ಬರಲ್ಲ. ಹತ್ತೋದಕ್ಕೂ ಇಳಿಯೋದಕ್ಕೂ ಮಧ್ಯೆ ಇನ್ನೇನೋ ಮಾಡಿರಬೇಕು. ಜ್ಞಾಪಿಸಿಕೋ.”

ಪೇಂಟರು ಬಹಳ ಕಷ್ಟಪಟ್ಟ. ಕದ್ದು ಅಭ್ಯಾಸವಿಲ್ಲದವನು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ತಬ್ಬಿಬ್ಬಾದ. ಸರ್ಕಾರಿ ವಕೀಲರು ದೊಡ್ಡ ಮನಸ್ಸಿನಿಂದ ದೋಷಾರೋಪಣಾ ಪಟ್ಟಿಯನ್ನು ಅವನ ಕಡೆ ತಿರುಗಿಸಿ ಹಿಡಿದರು. ಅವನು ಅದನ್ನು ನೋಡಿಕೊಂಡು, ಒಂದೊಂದೇ ಪದ ಬಿಡಿಸಿ, ಕಿಟಕಿಯ ಮೂಲಕ ಕೈ ಹಾಕಿ ಸದರಿ ಗಡಿಯಾರವನ್ನು ಅಪಹರಿಸಿದ್ದಾಗಿ ಓದಿದ.

ಆಗ ಹಿಂದಿನ ಸಾಲಿನಿಂದ ಮೇಷ್ಟ್ರು ಧಡಕ್ಕನೆ ಎದ್ದು ನಿಂತರು. “ಸ್ವಾಮಿ, ಆ ಗಡಿಯಾರ ಇಲ್ಲಿದೆ! ನನ್ನ ಕೈಯಲ್ಲೇ ಇದೆ! ಈಗ ಹನ್ನೊಂದು ಮುಕ್ಕಾಲು!”

ಸಾಹೇಬರು ಗೋಡೆ ಗಡಿಯಾರ ನೋಡಿದರು. ಹನ್ನೊಂದು ಮುಕ್ಕಾಲೇ ಆಗಿತ್ತು. “ಸಮಯ ಸರಿಯಾಗಿದೆ,” ಎಂದರು ಶಾಂತವಾಗಿ. “ಆದರೆ ನಿಮ್ಮ ಕೈಯಲ್ಲಿ ಇರೋದು ದಾಖಲೆಯಲ್ಲಿ ಇಲ್ಲ. ಆರೋಪಿಯೇ ಕದ್ದೆ ಅಂತ ಒಪ್ಪಿಕೊಳ್ತಿರುವಾಗ ಇಲ್ಲ ಅನ್ನೋಕೆ ನೀವು ಯಾರು? ನೀವು ಕಳೆದುಕೊಂಡವರು. ಕೂತ್ಕೊಳ್ಳಿ.”

ತೀರ್ಪು ಹದಿನಾಲ್ಕು ಪುಟಗಳಾಯಿತು. ಇಷ್ಟು ಚಿಕ್ಕ ಕೇಸಿಗೆ ಇಷ್ಟು ಚೊಕ್ಕವಾದ ತೀರ್ಪನ್ನು ನಾನು ನೋಡಿಲ್ಲ. ಆರೋಪಿಯ ಪಶ್ಚಾತ್ತಾಪವನ್ನು ಮೆಚ್ಚಿ, ಈಗಾಗಲೇ ಅನುಭವಿಸಿದ ಸೆರೆವಾಸವನ್ನೇ ಶಿಕ್ಷೆಯೆಂದು ಪರಿಗಣಿಸಲಾಯಿತು. ಮೂರು ತಿಂಗಳು ಹೆಚ್ಚಿಗೆ ಆಗಿದ್ದದ್ದನ್ನು ಮುಂದಿನ ಅಪರಾಧಕ್ಕೆ ವಜಾ ಮಾಡಿಕೊಳ್ಳಲು ಅವಕಾಶವಿಲ್ಲವೆಂದು ಸ್ಪಷ್ಟಪಡಿಸಲಾಯಿತು. ಏಣಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಂಡು ದಾಖಲೆ ಕೊಠಡಿಗೆ ಹಂಚಿಕೆ ಮಾಡಲಾಯಿತು. ಗಿಡ್ಡಣ್ಣನವರು ಎಲ್ಲರಿಗೂ ಸಿಹಿ ಹಂಚಿದರು. ಪೇಂಟರಿಗೂ ಒಂದು ಕೊಟ್ಟರು. ಅವನು ತಿನ್ನಲಿಲ್ಲ, ಜೇಬಿಗೆ ಹಾಕಿಕೊಂಡು ಓಡಿದ.

ಅವನು ಮನೆಗೆ ಹೋದಾಗ ತಾಯಿಗೆ ಎಚ್ಚರ ಇತ್ತಂತೆ. ಇದನ್ನು ಅವನ ಹೆಂಡತಿಯೇ ಆಮೇಲೆ ನನಗೆ ಹೇಳಿದಳು.

“ಬಿಲ್ಡಿಂಗ್ ಮುಗೀತೇನೋ?” ಎಂದರಂತೆ ಮುದುಕಿ.

“ಮುಗೀತಮ್ಮ.”

“ಏಣಿ ಎಲ್ಲಿ?”

“ಅವರಿಗೆ ಬೇಕಾಗಿತ್ತು. ಕೊಟ್ಟು ಬಂದೆ.”

ಒಳ್ಳೆಯದು ಮಾಡಿದೆ ಎಂದು ಮಗನ ತಲೆ ಸವರಿದರಂತೆ. ಐದನೇ ದಿನ ತೀರಿಕೊಂಡರು. ನ್ಯಾಯ ತಡವಾಗಿ ಸಿಗುತ್ತದೆ ಎಂದು ಗೊಣಗುವವರು ಈ ಐದು ದಿನವನ್ನು ಗಮನಿಸಬೇಕು.

ಮೇಷ್ಟ್ರು ಕೆಲವು ದಿನ ತಲೆ ಕೆಡಿಸಿಕೊಂಡು ತಿರುಗಿದರು. ತೀರ್ಪಿನ ನಕಲು ಪಡೆದು, ಮನೆಯಲ್ಲಿ ಕೂತು ಮೂರು ಸಲ ಓದಿದರು. ನಾಲ್ಕನೇ ಸಲ ಓದುವಾಗ ಅವರಿಗೆ ಮನವರಿಕೆಯಾಯಿತು. ಮೇಷ್ಟ್ರ ಗಡಿಯಾರ ಕಳುವಾಗಿದೆ ಎಂದು ಹದಿನಾಲ್ಕು ಪುಟಗಳಲ್ಲಿ ಬರೆದಿರುವಾಗ, ಟ್ರಂಕಿನಲ್ಲಿ ಸಿಕ್ಕಿದ್ದು ತಮ್ಮದಾಗಿರಲು ಹೇಗೆ ಸಾಧ್ಯ? ಅದನ್ನು ಕಾಲುಚೀಲದ ಸಮೇತ ತಂದು, ವಾರಸುದಾರರಿಲ್ಲದ ವಸ್ತುವೆಂದು ನಮ್ಮಲ್ಲಿ ಒಪ್ಪಿಸಿ ರಸೀದಿ ಪಡೆದರು. ಬಾಗಿಲ ಬಳಿ ತಿರುಗಿ, “ಪೇಂಟರ ಮೇಲೆ ನನಗೇನೂ ಸಿಟ್ಟಿಲ್ಲ ಅಂತ ಹೇಳಿ,” ಎಂದು ಹೋದರು.

ಎರಡು ತಿಂಗಳ ಮೇಲೆ ಪೇಂಟರು ಹೆಂಡತಿಯ ಜೊತೆ ನನ್ನ ಮೇಜಿನ ಮುಂದೆ ಬಂದು ನಿಂತ. ಇಳಿದುಹೋಗಿದ್ದ. ಈಗ ಅವನು ಬಾಗಿಲು, ಗೇಟು, ಕಾಂಪೌಂಡಿಗೆ ಮಾತ್ರ ಬಣ್ಣ ಹೊಡೆಯುತ್ತಾನಂತೆ. ನಿಂತು ಕೈಗೆಟಕುವಷ್ಟು, ಅದೂ ಮನೆಯ ಹೊರಗಿನಿಂದ.

“ಒಂದು ಸಣ್ಣ ಉಪಕಾರ ಆಗಬೇಕಿತ್ತು ಸಾರ್,” ಎಂದ. “ಹೋದಲ್ಲೆಲ್ಲ ಕೇಳ್ತಾರೆ. ಹೇಗೆ ಕದ್ದೆ, ಎಷ್ಟು ಹೊತ್ತಿಗೆ ಕದ್ದೆ ಅಂತ. ನನಗೆ ಹೇಳೋಕೆ ಬರಲ್ಲ. ತಡವರಿಸ್ತೀನಿ. ನಿಯತ್ತಾಗಿ ಒಪ್ಕೊಂಡಿದ್ದರೆ ಹೋಗ್ಲಿ ಅನ್ಬಹುದಿತ್ತು, ಇವನು ಇನ್ನೂ ಮುಚ್ಚಿಡ್ತಿದ್ದಾನೆ ಅಂತ ಕಳಿಸಿಬಿಡ್ತಾರೆ. ಫೈಲಲ್ಲಿ ಬರೆದಿರ್ತೀರಲ್ಲ, ಒಂದ್ಸಲ ಓದಿ ಹೇಳ್ತೀರಾ?”

ಸಾರ್ವಜನಿಕರಿಗೆ ನೆರವಾಗುವುದು ನಮ್ಮ ಕರ್ತವ್ಯ. ಅವರಿಬ್ಬರನ್ನೂ ದಾಖಲೆ ಕೊಠಡಿಗೆ ಕರೆದೊಯ್ದೆ. ಗಿಡ್ಡಣ್ಣನವರು ಹತ್ತುವಾಗ ಪೇಂಟರು ತಾನಾಗಿಯೇ ಹೋಗಿ ಏಣಿಯ ಕಾಲು ಹಿಡಿದುಕೊಂಡ. “ಕೊನೇ ಮೆಟ್ಟಿಲಿಗೆ ಹೋಗ್ಬೇಡಿ ಸಾರ್, ಸ್ವಲ್ಪ ಅಲ್ಲಾಡುತ್ತೆ,” ಎಂದ. ಫೈಲು ಬಂತು. ನಾನು ನಿಧಾನವಾಗಿ, ಸ್ಪಷ್ಟವಾಗಿ ಓದಿದೆ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಮನೆಯವರು ಹಿತ್ತಲಲ್ಲಿದ್ದ ಸಮಯ ಸಾಧಿಸಿ, ಎಡಗೈಯಲ್ಲಿ ಬ್ರಷ್ಷು ಹಿಡಿದು, ಬಲಗೈಯನ್ನು ಕಿಟಕಿಯೊಳಗೆ ತೂರಿಸಿ, ಮೇಜಿನ ಮೇಲಿದ್ದ ಗಡಿಯಾರವನ್ನು ಅಪಹರಿಸಿದ್ದು. ಪೇಂಟರು ಒಂದೊಂದು ವಾಕ್ಯಕ್ಕೂ ತಲೆಯಾಡಿಸುತ್ತ, ತುಟಿ ಅಲ್ಲಾಡಿಸಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಎಡಗೈಯೋ ಬಲಗೈಯೋ ಎಂದು ಒಮ್ಮೆ ಕೇಳಿ ಖಚಿತಪಡಿಸಿಕೊಂಡ. ಓದಿ ಮುಗಿಸಿದಾಗ ಅವನ ಮುಖದಲ್ಲಿ ಎಷ್ಟೋ ದಿನಗಳ ಭಾರ ಇಳಿದ ಹಾಗಿತ್ತು.

ಹೆಂಡತಿ ಮಾತ್ರ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

“ಇಷ್ಟೆಲ್ಲ ಮಾಡಿದೀಯ,” ಎಂದಳು ಅವಳು, ಕಣ್ಣೊರೆಸಿಕೊಂಡು. “ನನಗೊಂದು ಮಾತು ಹೇಳ್ಬಾರ್ದಿತ್ತಾ?”

“ನನಗೂ ಇವತ್ತೇ ಗೊತ್ತಾಗಿದ್ದು ಕಣೆ,” ಎಂದ ಅವನು.